ಧೂಪಕ್ಕೆ ಹಾಕದೆ ಉಳಿದ ಗಂಟು

ಮೊನ್ನೆ ಕುವೈತಿನ ಎಗೈಲಾದ ಮಾಲೊಂದರಲ್ಲಿ ತಿಂಗಳ ಸಾಮಾನು ತುಂಬಿದ ಗಾಡಿ ತಳ್ಳಿಕೊಂಡು ಬರುತ್ತಿದ್ದೆ. ಹೂವಿನ ಅಂಗಡಿಯ ಮುಂದೆ ಕಾಲು ತಾನಾಗಿಯೇ ನಿಂತಿತು. ಡಿಸೆಂಬರ್ ಆದ್ದರಿಂದ ಬಾಗಿಲ ಪಕ್ಕದ ಬಕೆಟ್‌ಗಳಲ್ಲಿ ಪೈನ್ ಮರದ ಹಸಿ ರೆಂಬೆಗಳನ್ನು ನಿಲ್ಲಿಸಿದ್ದರು. ಕರ್ಪೂರವೂ ಅಲ್ಲದ, ನಿಂಬೆಸಿಪ್ಪೆಯೂ ಅಲ್ಲದ, ಎರಡನ್ನೂ ಸೇರಿಸಿ ಹೊಸ ಮರದ ಬೀರುವಿನಲ್ಲಿ ಮುಚ್ಚಿಟ್ಟಂಥ ಆ ವಾಸನೆ! ಗಾಡಿಯನ್ನು ಅಲ್ಲೇ ಬಿಟ್ಟು ಒಂದೊಂದೇ ರೆಂಬೆ ಎತ್ತಿ ತಿರುಗಿಸಿ ನೋಡತೊಡಗಿದೆ. ಅಂಗಡಿಯವಳು ಅನುಮಾನದಿಂದ ನೋಡಿದಳು. ಹಿಂದೆ ಬರುತ್ತಿದ್ದ ನನ್ನ ಗಂಡ ನಾಗರಾಜ ಮಾತ್ರ ಏನೂ ಕೇಳದೆ, ಕನ್ನಡಕ ಏರಿಸಿಕೊಂಡು ಇನ್ನೊಂದು ಬಕೆಟ್ಟಿಗೆ ಕೈ ಹಾಕಿದರು. "ಸಿಕ್ತಾ?" ಎಂದರು. ಸಿಗಲಿಲ್ಲ. ಸಿಕ್ಕಿದ್ದರೆ ಏನು ಮಾಡುತ್ತಿದ್ದೆವೋ ಇಬ್ಬರಿಗೂ ಗೊತ್ತಿರಲಿಲ್ಲ.

ನಾವು ಹುಡುಕುತ್ತಿದ್ದದ್ದು ನೆಲ್ಲಿಕಾಯಿ ಗಾತ್ರದ ಒಂದು ಅಂಟಿನ ಗಂಟನ್ನು. ಅದರ ಕಥೆ ಹೇಳಬೇಕಾದರೆ ನನ್ನ ಅತ್ತೆ ಚಿಕ್ಕತಾಯಮ್ಮ ಕುವೈತಿಗೆ ಬಂದಿದ್ದ ಚಳಿಗಾಲಕ್ಕೆ ಹೋಗಬೇಕು. 2008 ಮುಗಿದು 2009 ಹುಟ್ಟಿದ ಆ ಮೂರು ತಿಂಗಳು.

ಆಗ ನಾವು ಫರ್ವಾನಿಯಾದಲ್ಲಿ ನಾಲ್ಕನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿದ್ದೆವು. ನಾಗರಾಜ ಏಸಿ ಕಂಪನಿಯೊಂದರಲ್ಲಿ ಎಂಜಿನಿಯರ್. ನಾನು ಅಲ್ಲೇ ಹತ್ತಿರದ ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವವಳು. ಅತ್ತೆ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಬಂದರು. ಮೊದಲ ವಾರದಲ್ಲೇ ನನಗೂ ಅವರಿಗೂ ಗೊತ್ತಾಗಿಹೋಯಿತು, ಮೂರು ತಿಂಗಳು ಬಹಳ ದೊಡ್ಡದು. ಮೈಸೂರಿನ ಪೇಟೆಯಲ್ಲಿ ಬೆಳೆದ ನನಗೆ ಎಲ್ಲವೂ ಬೇಗ ಆಗಬೇಕು, ಮಾತು ಚುರುಕು, ಕೆಲವೊಮ್ಮೆ ಬೇಡದಷ್ಟು ಚುರುಕು. ಅವರು ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಶೆಡ್ಡಿನಲ್ಲಿ ಮೂವತ್ತೈದು ವರ್ಷ ಕುದಿಯುವ ನೀರಿನ ಮುಂದೆ ಕೂತವರು. ಎಳೆ ಕಡಿಯದ ಹಾಗೆ ಎಳೆಯುವುದೇ ಅವರ ಬದುಕು, ಅವಸರ ಅವರಿಗೆ ಗೊತ್ತಿಲ್ಲ. ಬೆಳಗ್ಗೆ ನಾವಿಬ್ಬರೂ ಹೊರಟ ಮೇಲೆ ಅವರು ಬಾಲ್ಕನಿಯಲ್ಲಿ ನಿಂತು ಎದುರಿನ ಕಟ್ಟಡದ ಬಟ್ಟೆಗಳನ್ನು ನೋಡುತ್ತಿದ್ದರು. ಸಂಜೆ ನಾನು ಬಂದರೆ, ಮೂರನೇ ಮನೆಯವರು ಇವತ್ತು ಬಟ್ಟೆ ಒಗೆದಿಲ್ಲ ಎಂಬುದೇ ಆ ದಿನದ ಸಮಾಚಾರ.

ಅವರಿಗೆ ಬೇಸರ ಕಳೆಯಲು ಸಿಕ್ಕಿದವರು ಒಬ್ಬರೇ, ಕೆಳಗಿನ ಮನೆಯ ಹಮೀದ್ ಭಾಯಿ. ಉಪ್ಪಿನಂಗಡಿ ಕಡೆಯ ಬ್ಯಾರಿ, ಸಾಲ್ಮಿಯಾದ ಹೂವಿನ ಅಂಗಡಿಯಲ್ಲಿ ಕೆಲಸ. ಬಾಡುವುದಕ್ಕೆ ಬಂದ ಸೇವಂತಿಗೆ, ಗುಲಾಬಿಗಳನ್ನು ಅತ್ತೆಯ ಪೂಜೆಗೆಂದು ತಂದು ಕೊಡುತ್ತಿದ್ದರು. ಅವರ ಮಂಗಳೂರು ಕಡೆಯ ಕನ್ನಡಕ್ಕೆ ಅತ್ತೆ ನಗುತ್ತಿದ್ದರು, ಅತ್ತೆಯ ಕನ್ನಡಕ್ಕೆ ಅವರು. ನನ್ನ ಕನ್ನಡಕ್ಕೆ ಇಬ್ಬರೂ ಸೇರಿ ನಗುತ್ತಿದ್ದರು.

ಡಿಸೆಂಬರ್ ಮೊದಲ ವಾರದಲ್ಲಿ ಒಂದು ದಿನ ಹಮೀದ್ ಭಾಯಿ ಒಂದು ಕಾಗದದ ಪೊಟ್ಟಣ ತಂದರು. ಅಂಗಡಿಗೆ ಅಲಂಕಾರಕ್ಕೆಂದು ಯುರೋಪಿನ ಉತ್ತರದ ತುದಿಯಿಂದ ಪೈನ್ ರೆಂಬೆಗಳು ವಿಮಾನದಲ್ಲಿ ಬಂದಿದ್ದವಂತೆ. ಸವರಿ ಜೋಡಿಸುವಾಗ ಕೆಲವು ಕಡ್ಡಿಗಳ ಮೇಲೆ ಅಂಟು ಗಂಟುಕಟ್ಟಿಕೊಂಡಿತ್ತು. ಹೊರಗೆ ಬೂದಿಬಣ್ಣ, ಉಗುರಿನಿಂದ ಕೆರೆದರೆ ಒಳಗೆ ಜೇನಿನ ಬಣ್ಣ.

"ನೋಡಿ ಅಮ್ಮ, ಒಳ್ಳೆ ಪರಿಮಳ ಉಂಟು. ಲೋಬಾನದ ಹಾಗೇ. ಬಿಸಾಡುವುದು ಯಾಕೆ ಅಂತ ತಂದೆ. ನಾನು ಎರಡು ಇಟ್ಟುಕೊಂಡೆ, ಆರು ನಿಮಗೆ" ಎಂದರು ಹಮೀದ್ ಭಾಯಿ.

ಅತ್ತೆ ಮೂಸಿ ನೋಡಿ ಕಣ್ಣು ಮುಚ್ಚಿದರು. "ಸಾಂಬ್ರಾಣಿಗಿಂತ ಚೆಂದಾಗೈತೆ ಕಣಪ್ಪ."

ಶುಕ್ರವಾರ ಇಲ್ಲಿ ಎಲ್ಲರಿಗೂ ರಜೆ, ಅತ್ತೆಗೆ ಲಕ್ಷ್ಮಿಯ ವಾರ. ಸಂಜೆ ದೀಪ ಹಚ್ಚಿ, ಮನೆಯೆಲ್ಲ ಧೂಪ ತೋರಿಸದಿದ್ದರೆ ಅವರಿಗೆ ಊಟ ಇಳಿಯದು. ಅರಬರು ಬಖೂರ್ ಸುಡಲು ಬಳಸುವ ಮಣ್ಣಿನ ಧೂಪದಾನಿಯೊಂದನ್ನು ನಾಗರಾಜ ತಂದುಕೊಟ್ಟಿದ್ದರು. ಆ ಶುಕ್ರವಾರ ಮೂರು ಗಂಟುಗಳು ಕೆಂಡಕ್ಕೆ ಬಿದ್ದವು. ಎಂಥ ಹೊಗೆ, ಎಂಥ ಘಮ! ಮೆಟ್ಟಿಲುದ್ದಕ್ಕೂ ಇಳಿದುಹೋಯಿತು. ಕಟ್ಟಡ ಕಾಯುವ ಈಜಿಪ್ಟಿನ ಹಾರಿಸ್ ಮೇಲೆ ಬಂದು, ಇದು ಯಾವ ಊದ್, ಎಲ್ಲಿ ಸಿಗುತ್ತದೆ ಎಂದು ಕೇಳಿದ. ಒಂದು ಗಂಟು ಮಾತ್ರ 'ಟಪ್' ಎಂದು ಸಿಡಿಯಿತು. ಒದ್ದೆ ಇದ್ದಿರಬೇಕು ಎಂದುಕೊಂಡೆವು. ಅತ್ತೆಗೆ ಹೆಮ್ಮೆಯೋ ಹೆಮ್ಮೆ.

ಮುಂದಿನ ಶುಕ್ರವಾರ ಉಳಿದ ಮೂರರಲ್ಲಿ ದೊಡ್ಡದನ್ನು ಆರಿಸಿದರು. ಧೂಪದಾನಿಗೆ ಹಿಡಿಸಲಿಲ್ಲವೆಂದು ಕುಟ್ಟಾಣಿಯಲ್ಲಿಟ್ಟು ಮೆಲ್ಲಗೆ ತಟ್ಟಿದರು. ಗಂಟು ಎರಡು ಹೋಳಾಯಿತು. ನಾನು ಚಪಾತಿ ಲಟ್ಟಿಸುತ್ತಿದ್ದೆ. ಅತ್ತೆ ನೆಲದ ಮೇಲೆ ಧೊಪ್ಪನೆ ಕೂತ ಸದ್ದು ಕೇಳಿ ತಿರುಗಿದೆ.

"ಸುಮಾ, ಇಲ್ಲಿ ಬಾರವ್ವ. ಹುಳ ಕಣವ್ವ. ಜೀವ ಐತೆ."

ಗಂಟಿನೊಳಗೆ ಗೋಡೆ ಎಬ್ಬಿಸಿ ಎರಡು ಕೋಣೆ ಮಾಡಿದಂತಿತ್ತು. ಒಂದರ ತುಂಬ ಕಸ. ಇನ್ನೊಂದರಲ್ಲಿ ಕಿತ್ತಳೆ ಬಣ್ಣದ, ಅಕ್ಕಿಕಾಳು ಎರಡನ್ನು ಜೋಡಿಸಿದಷ್ಟು ಉದ್ದದ ಹುಳು, ಬೆಳಕು ಕಂಡು ಹಿಂದಕ್ಕೆ ಸರಿಯುತ್ತಿತ್ತು. ಅತ್ತೆ ಧೂಪದಾನಿಯ ಕಡೆ ನೋಡಿದರು.

"ಹೋದ ವಾರ ಹಾಕಿದ್ವಲ್ಲ, ಮೂರು? ಅವ್ರಲ್ಲೂ ಇದ್ದವೇನೋ. ಟಪ್ ಅಂತಲ್ಲವ್ವ ಒಂದು. ಸುಟ್ಟುಬುಟ್ನಲ್ಲವ್ವ ನಾನು."

ಸಮಾಧಾನ ಹೇಳಬೇಕೆಂದೇ ಬಾಯಿ ತೆರೆದೆ, ಆಣೆ ಮಾಡಿ ಹೇಳುತ್ತೇನೆ. ಬಂದ ಮಾತು ಇದು: "ಅತ್ತೆ, ರಾಮನಗರದಲ್ಲಿ ದಿನಕ್ಕೆ ಸಾವಿರಾರು ಗೂಡು ಬೇಯಿಸ್ತಿದ್ರಲ್ಲ, ಇದೇನು ಮಹಾ!"

ಅತ್ತೆ ಎರಡು ಹೋಳುಗಳನ್ನು ಮತ್ತೆ ಜೋಡಿಸಿ, ಸೆರಗಿನ ಅಂಚಿನ ದಾರ ಕಿತ್ತು ಸುತ್ತಿ ಕಟ್ಟಿದರು. ನಾಲಿಗೆ ಕಚ್ಚಿಕೊಂಡೆ. ಆಡಿದ ಮಾತನ್ನು ಬಾಯಿಗೆ ವಾಪಸು ಹಾಕಿಕೊಳ್ಳುವ ಹಾಗಿದ್ದರೆ ನಾನು ಅರ್ಧ ಆಯುಷ್ಯ ಅದರಲ್ಲೇ ಕಳೆಯುತ್ತಿದ್ದೆನೇನೋ. ಊಟವಾದ ಮೇಲೆ ಪಾತ್ರೆ ಒರೆಸುತ್ತಾ ಅವರೇ ಮಾತಾಡಿದರು.

"ಅದು ಹೊಟ್ಟೆಪಾಡು ಕಣವ್ವ. ತಪ್ಪು ಅನ್ನಾಕಿಲ್ಲ ನಾನು. ನಿನ್ನ ಗಂಡ ಓದಿದ್ದು ಅದ್ರಲ್ಲೇ. ಆದ್ರೆ ನೋಡು, ಅಪ್ಪನ ಮನೇಲಿ ಹುಳ ಸಾಕಿದ್ದೆ, ಗೂಡು ಕಟ್ಟಿದ ಮೇಲೆ ಮಾರ್ಕೆಟ್ಟಿಗೆ ಹೋಗ್ಬುಡೋವು. ಗಂಡನ ಮನೇಲಿ ಗೂಡು ಬಂದ ತಕ್ಷಣ ಬಿಸಿನೀರಿಗೆ. ಮೂಲೇಲಿ ಯಾವ್ದಾರ ಒಂದು ಉಳ್ಕಂಡು ಚಿಟ್ಟೆ ಆಗಿದ್ರೆ ಗುಡಿಸಿ ಹಾಕಿವ್ನಿ. ಹೊರಗೆ ಬರೋದ್ನ ಕೂತು ನೋಡ್ಲಿಲ್ಲವ್ವ ಯಾವತ್ತೂ. ಒಂದು ಸಲನೂ."

ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದೇ ಆಸೆ ಮನೆಮಾಡಿತು. ಅತ್ತೆ ಊರಿಗೆ ಹೊರಡುವ ಮೊದಲು ಒಂದು ಚಿಟ್ಟೆಯಾದರೂ ಗೂಡು ಒಡೆದು ಹೊರಬರುವುದನ್ನು ನೋಡಬೇಕು. ವಿಮಾನ ಫೆಬ್ರುವರಿ ಇಪ್ಪತ್ತಾರಕ್ಕೆ. ಅದರ ಮರುದಿನ ವೀಸಾ ಖಲಾಸ್.

ಹುಳು ಕಂಡ ಮರುದಿನ ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ಮಧ್ಯಾಹ್ನದ ಊಟ ಬಿಟ್ಟು ಹುಡುಕಿದೆ. ಕೊನೆಗೆ ಚಿತ್ರ ಸಮೇತ ಸಿಕ್ಕಿತು. ಚಳಿ ದೇಶದ ಪೈನ್ ಕಾಡುಗಳ ಒಂದು ಸಣ್ಣ ಪತಂಗ. ನಮ್ಮ ಕಡೆ ಅದರ ಹೆಸರು ಕೇಳಿದವರಿಲ್ಲ, ಲ್ಯಾಟಿನ್ ಹೆಸರಿಗೆ ನನ್ನ ನಾಲಿಗೆ ಹೊರಳಲಿಲ್ಲ. ಹುಳು ಎಳೆ ರೆಂಬೆಯನ್ನು ಕೊರೆಯುತ್ತದೆ, ಮರ ಅಂಟು ಸುರಿಸುತ್ತದೆ, ಆ ಅಂಟಿನಿಂದಲೇ ಹುಳು ಮನೆ ಕಟ್ಟಿಕೊಂಡು ಹಿಮ ಬೀಳುವ ಎರಡು ಚಳಿಗಾಲಗಳನ್ನು ಅದರೊಳಗೇ ಕಳೆಯುತ್ತದೆ. ಮರ ಹುಳುವನ್ನು ಓಡಿಸಲು ಸುರಿಸಿದ ಅಂಟನ್ನೇ ಹುಳು ಸೂರು ಮಾಡಿಕೊಳ್ಳುವುದು ನನಗೆ ಬಹಳ ಇಷ್ಟವಾಯಿತು. ಎಲ್ಲ ಸರಿ, ಕೊನೆಯ ಸಾಲು ಮಾತ್ರ ನೋಡಿ ಮುಖ ಸಪ್ಪಗಾಯಿತು. ಪತಂಗ ಹೊರಬರುವುದು ಮೇ, ಜೂನ್ ತಿಂಗಳಲ್ಲಿ.

ಮನೆಗೆ ಬಂದು ಹೇಳಿದೆ. ಅತ್ತೆ ಯೋಚಿಸಿ ಕೇಳಿದರು, "ಆ ದೇಸದಲ್ಲಿ ಮೇ ತಿಂಗಳು ಅಂದ್ರೆ ಬಿಸಿಲು ಎಷ್ಟಿರ್ತದವ್ವ?"

"ಹದಿನೈದು, ಹದಿನೆಂಟು ಡಿಗ್ರಿ ಇರಬಹುದು ಅತ್ತೆ."

"ಇಲ್ಲಿ ಈಗ?"

ನಾನು ಬಾಲ್ಕನಿಯ ಕಡೆ ನೋಡಿದೆ. ಮಧ್ಯಾಹ್ನ ಹದಿನೆಂಟು ಇತ್ತು.

"ಹಂಗಾದ್ರೆ ಅದರ ಬ್ಯಾಸಿಗೆ ಬಂದೈತಲ್ಲವ್ವ ಇಲ್ಲಿ! ಹುಳಕ್ಕೇನು ಕ್ಯಾಲೆಂಡರ್ ಗೊತ್ತಾಯ್ತದಾ? ಶಾಖ ಗೊತ್ತಾಯ್ತದೆ ಅಷ್ಟೆ." ಐದನೇ ಕ್ಲಾಸು ದಾಟದ ಅತ್ತೆ ಬಿಎಸ್ಸಿ ಸೊಸೆಯನ್ನು ಒಂದೇ ಮಾತಿನಲ್ಲಿ ಮಣಿಸಿ ಕೂರಿಸಿದರು. ನಾನು ಸೋತದ್ದಕ್ಕೆ ಇಷ್ಟು ಖುಷಿಪಟ್ಟದ್ದು ಅದೇ ಮೊದಲು.

ಹಮೀದ್ ಭಾಯಿಗೆ ವಿಷಯ ಹೇಳಿದಾಗ ಅವರು ಎರಡೂ ಕೈಗಳಿಂದ ತಲೆ ಹಿಡಿದುಕೊಂಡರು. "ಅಯ್ಯೋ ಅಲ್ಲಾಹ್, ನನ್ನ ಎರಡನ್ನೂ ನಾನು ಕೆಂಡಕ್ಕೆ ಹಾಕಿ ಆಯ್ತು ಮಾರಾಯ್ರೆ! ನನಗೆ ಎಂಥ ಗೊತ್ತು ಒಳಗೆ ಜೀವ ಉಂಟು ಅಂತ?" ಅಂಗಡಿಗೆ ಓಡಿದರು, ಇನ್ನೂ ಗಂಟು ಸಿಗಬಹುದೆಂದು. ಸವರಿ ಹಾಕಿದ ಕಡ್ಡಿಗಳನ್ನು ನಗರಸಭೆಯ ಕಸದ ಗಾಡಿ ಎಂದೋ ಒಯ್ದಿತ್ತು.

ದಾರ ಸುತ್ತಿದ ಗಂಟಿನ ಹುಳು ನಾಲ್ಕು ದಿನಕ್ಕೆ ಒಣಗಿಹೋಯಿತು. ಉಳಿದ ಎರಡನ್ನು ನಾನು ಕ್ಲಿನಿಕ್ಕಿನ ಭೂತಗನ್ನಡಿಯಿಂದ ನೋಡಿದೆ. ಒಂದರ ಪಕ್ಕದಲ್ಲಿ ಸಣ್ಣ ತೂತು, ಅಂದರೆ ಹೋದ ವರ್ಷವೇ ಖಾಲಿಯಾದ ಮನೆ. ಕೊನೆಯದಕ್ಕೆ ತೂತಿರಲಿಲ್ಲ. ಅತ್ತೆ ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿದರು, ಸಂತೆಯಲ್ಲಿ ಗೂಡು ನೋಡುವ ಹಾಗೆ. ಮುಖ ಅರಳಿತು. "ಐತೆ. ಗಟ್ಟಿಯಾಗಿ ಐತೆ."

ಆಮೇಲಿನ ಎರಡು ತಿಂಗಳು ಅತ್ತೆಗೆ ಬಿಡುವೇ ಇರಲಿಲ್ಲ. ಗಂಟನ್ನು ಖಾಲಿ ಹಾರ್ಲಿಕ್ಸ್ ಬಾಟಲಿಯಲ್ಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿದರು. ಹಗಲು ಬಾಲ್ಕನಿ, ಚಳಿ ಹೆಚ್ಚಾದರೆ ಒಳಗೆ. ಮರಳುಗಾಳಿಯ ಒಣಹವೆಗೆ ಹುಳು ಬತ್ತಬಾರದೆಂದು ಬಾಟಲಿಗೆ ದಿನಕ್ಕೆ ಎರಡು ಸಲ ಒದ್ದೆ ಬಟ್ಟೆ ಸುತ್ತುವುದು. ಏಸಿ ಎಂಜಿನಿಯರ್ ಮಗನಿಗೆ, ಹುಳುವಿಗೆ ತೇವ ಎಷ್ಟಿರಬೇಕು ಎಂಬ ಪಾಠ. ನಾಗರಾಜ ಆಫೀಸಿನಿಂದ ತೇವ ಅಳೆಯುವ ಮೀಟರನ್ನೇ ತಂದು ಬಾಟಲಿಯ ಪಕ್ಕ ಇಟ್ಟರು. ಅತ್ತೆ ಬಟ್ಟೆ ಮುಟ್ಟಿ ಒಂದು ಮಾತು ಹೇಳುತ್ತಿದ್ದರು, ಮೀಟರೂ ಅದನ್ನೇ ಹೇಳುತ್ತಿತ್ತು. "ಇದಕ್ಕೆ ದುಡ್ಡು ಕೊಟ್ಟು ತಂದ್ಯಾ?" ಎಂದು ಮಗನನ್ನು ಕೆಣಕುತ್ತಿದ್ದರು. ಹಮೀದ್ ಭಾಯಿ ಪ್ರತಿ ಶುಕ್ರವಾರ ಜುಮಾ ಮುಗಿಸಿ ನೇರ ನಮ್ಮ ಮನೆಗೇ ಬರುವರು. "ಅಮ್ಮ, ಎಂಥಾಯ್ತು?" "ಇನ್ನೂ ಇಲ್ಲ ಕಣಪ್ಪ." ಒಂದು ಕಪ್ ಚಹಾ ಕುಡಿದು ಹೋಗುವರು. ಸಂಜೆ ಮನೆಗೆ ಬಂದರೆ ನಾನೂ ಚಪ್ಪಲಿ ಬಿಡುವ ಮೊದಲು ಬಾಟಲಿ ನೋಡುತ್ತಿದ್ದೆ. ಎದುರು ಮನೆಯವರ ಬಟ್ಟೆ ಒಗೆತದ ಸಮಾಚಾರ ಯಾರಿಗೂ ನೆನಪಿರಲಿಲ್ಲ. ಅಡುಗೆ ಮಾಡುತ್ತಾ ಅತ್ತೆ ಹುಳುವಿನ ನಾಲ್ಕು ಜ್ವರಗಳ ಬಗ್ಗೆ ಹೇಳುವರು. ಜ್ವರವೆಂದರೆ ರೇಷ್ಮೆಯವರ ಮಾತಿನಲ್ಲಿ ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವುದು. ನಾನು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದೆ. ಆ ಹೆಂಗಸು ಇಷ್ಟು ಚೆನ್ನಾಗಿ ಮಾತಾಡಬಲ್ಲರೆಂದು ಮದುವೆಯಾಗಿ ಆರು ವರ್ಷವಾದರೂ ನನಗೆ ತಿಳಿದಿರಲಿಲ್ಲ.

ಜನವರಿ ಹೋಯಿತು. ಫೆಬ್ರುವರಿ ಅರ್ಧವಾಯಿತು. ಗಂಟು ಗಂಟಾಗಿಯೇ ಇತ್ತು. ಅತ್ತೆ ದಿನ ಎಣಿಸತೊಡಗಿದರು.

"ಲೋ ನಾಗ, ವೀಸಾ ಇನ್ನೊಂದು ಹದಿನೈದು ದಿನ ಮಾಡ್ಸಕ್ಕಾಗಲ್ವೇನ್ಲಾ?"

"ಆಗಲ್ಲಮ್ಮ. ಏನಂತ ಬರೀಲಿ? ಹುಳಕ್ಕೆ ಬಾಣಂತನ ಅಂತಲಾ?"

"ಹಂಗಾದ್ರೆ ಬ್ಯಾಗಲ್ಲಿ ಹಾಕ್ಕಂಡು ಹೋಗ್ತೀನಿ. ಯಾರಾನ ಕೇಳಿದ್ರೆ ಸಾಂಬ್ರಾಣಿ ಅಂತೀನಿ."

ಬೇಡವೆಂದು ನಾನೇ ಹೇಳಬೇಕಾಯಿತು. ವಿಮಾನದಲ್ಲಿ, ಸೂಟ್‌ಕೇಸಿನ ಸಂದಿಯಲ್ಲಿ ಅದು ಹೊರಬಂದರೆ ನೋಡುವವರು ಯಾರು? ಅತ್ತೆ ಒಪ್ಪಿದರು. ಅವತ್ತು ಬಟ್ಟೆ ಜೋಡಿಸುವಾಗ ಅವರ ಕೈ ತೀರಾ ನಿಧಾನವಾಗಿತ್ತು. ನನಗೆ ಅಳು ಬಂತು. ಹುಳಕ್ಕಾಗಿ ಅಳುವಷ್ಟು ಮೆತ್ತಗಿನವಳಲ್ಲ ನಾನು, ಅತ್ತೆಗಾಗಿ ಬಂತು.

ಫೆಬ್ರುವರಿ ಇಪ್ಪತ್ತೈದು ಕುವೈತಿನ ರಾಷ್ಟ್ರೀಯ ದಿನ. ಬೆಳಗ್ಗೆ ಒಂಬತ್ತಕ್ಕೇ ಕೆಳಗಿನ ರಸ್ತೆಯಲ್ಲಿ ಗದ್ದಲ ಶುರುವಾಗಿತ್ತು. ಕಾರುಗಳ ಮೇಲೆಲ್ಲ ಬಾವುಟ, ಹಾರ್ನು, ಹಾಡು. ಮಕ್ಕಳು ಒಬ್ಬರ ಮೇಲೊಬ್ಬರು ನೀರು, ನೊರೆ ಎರಚುತ್ತಿದ್ದರು. ನನಗೂ ನಾಗರಾಜನಿಗೂ ರಜೆ. ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಾಗ ಬಾಲ್ಕನಿಯಿಂದ ಅತ್ತೆ ಕೂಗಿದರು. ಅಂಥ ಕೂಗು ಕೇಳಿದ್ದೇ ಇಲ್ಲ. ಒಲೆ ಆರಿಸದೆ ಓಡಿದೆ.

ಗಂಟಿನ ನೆತ್ತಿಯಲ್ಲಿ ಕಪ್ಪುಕಂದು ಬಣ್ಣದ ಚೂಪು ತುದಿಯೊಂದು ಹೊರಗೆ ಚಾಚಿತ್ತು. ನೋಡುತ್ತಿದ್ದಂತೆ ಇನ್ನಷ್ಟು ತಳ್ಳಿಕೊಂಡು ಬಂತು. ಅರ್ಧಕ್ಕೆ ಬಂದು ನಿಂತಿತು. ಐದು ನಿಮಿಷ ಕಳೆಯಿತು, ಹತ್ತು ನಿಮಿಷ. ಅಲುಗಾಟವಿಲ್ಲ. ಸಿಕ್ಕಿಹಾಕಿಕೊಂಡಿದೆ, ಸಾಯುತ್ತದೆ ಎಂದು ಒಳಗೆ ಓಡಿ ಹುಬ್ಬಿನ ಚಿಮಟ ತಂದೆ. ಅತ್ತೆ ನನ್ನ ಮುಂಗೈ ಹಿಡಿದರು. ಬಿಸಿನೀರಿನಲ್ಲಿ ಬೆಂದು ಬೆಂದು ಗಟ್ಟಿಯಾದ ಕೈ, ಅಲುಗಿಸಲು ಆಗಲಿಲ್ಲ.

"ಮುಟ್ಟಬ್ಯಾಡ. ಅದ್ರ ಕೆಲ್ಸ ಅದು ಮಾಡ್ಕತದೆ. ನಾವು ಇವತ್ತು ಕೈ ಹಾಕಕ್ಕಿಲ್ಲ."

ರವೆ ಸೀದ ವಾಸನೆ ಬಂತು. ಯಾರೂ ಏಳಲಿಲ್ಲ. ನಾಗರಾಜ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಕುಕ್ಕರಗಾಲಲ್ಲಿ ಕೂತರು. ಹಮೀದ್ ಭಾಯಿ, ಅಂಗಡಿಗೆ ಹೊರಟವರು, ಕೂಗು ಕೇಳಿ ಮೇಲೆ ಬಂದು ಬಾಗಿಲಲ್ಲೇ ನಿಂತರು. ಆ ಕಂದು ಪೊರೆಯ ಬೆನ್ನು ಗೆರೆ ಎಳೆದ ಹಾಗೆ ಸೀಳಿತು. ಒದ್ದೆಯಾದ ಪುಟ್ಟ ತಲೆ, ಕಾಲು, ಮುದುಡಿದ ರೆಕ್ಕೆಯ ಚೂರು. ಇಡೀ ಮೈ ಹೊರಗೆ ಬಂದು ಗಂಟಿನ ಮೇಲೆ ಕೂತಿತು. ಖಾಲಿ ಪೊರೆ ಬಾಗಿಲಲ್ಲೇ ಸಿಕ್ಕಿಕೊಂಡು ಉಳಿಯಿತು. ಅರ್ಧ ಗಂಟೆಯಲ್ಲಿ ರೆಕ್ಕೆಗಳು ಒಣಗಿ ಹರಡಿದವು. ಹೆಬ್ಬೆರಳ ಉಗುರಿಗಿಂತ ದೊಡ್ಡದಲ್ಲ. ಕಪ್ಪು ಮೈ, ಮೇಲೆ ಬೆಳ್ಳಿಯ ಅಡ್ಡಗೆರೆಗಳು, ಕಾಮಾಕ್ಷಿ ದೀಪಕ್ಕೆ ಹಿಡಿದ ಮಸಿಯ ನಡುವೆ ಬೆಳ್ಳಿ ಇಣುಕುವ ಹಾಗೆ.

"ಹಿಂಗೆ ಬರ್ತವಾ ಇವು?" ಎಂದರು ಅತ್ತೆ, ಯಾರಿಗೆಂದಿಲ್ಲದೆ. "ಇಷ್ಟು ಕಷ್ಟಪಟ್ಟು ಬರ್ತವಾ?"

ಬಾಟಲಿಯ ಬಟ್ಟೆ ಬಿಚ್ಚಿ ಅವರು ಬೆರಳು ಒಡ್ಡಿದರು. ಪತಂಗ ಹತ್ತಿತು. ಬಾಲ್ಕನಿಯ ಕಂಬಿಯ ಮೇಲೆ ಬಿಸಿಲಿಗೆ ಕೈ ಚಾಚಿದರು. ಇಲ್ಲಿ ಪೈನ್ ಮರವಿಲ್ಲ, ಅದರ ಜೋಡಿಯಿಲ್ಲ, ಬದುಕುವುದು ನಾಲ್ಕಾರು ದಿನವೇ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಈ ಸಲವಾದರೂ ಬಾಯಿ ಮುಚ್ಚಿಕೊಂಡಿದ್ದಕ್ಕೆ ನನಗೆ ನಾನೇ ಶಭಾಶ್ ಎಂದುಕೊಂಡೆ. ಅತ್ತೆ ತಾವಾಗಿಯೇ ಹೇಳಿದರು, "ರೇಷ್ಮೆ ಚಿಟ್ಟೆಗೆ ರೆಕ್ಕೆ ಇದ್ರೂ ಹಾರಕ್ಕೆ ಬರಾಕಿಲ್ಲ ಕಣವ್ವ. ಬಡ್ಕಂತವೆ, ಅಷ್ಟೆ. ಇದೂ ಹಂಗೇ ಏನೋ. ಬೀಳದಂಗೆ ಹಿಡ್ಕಬೇಕು." ಇನ್ನೊಂದು ಕೈಯನ್ನು ಬೊಗಸೆಯಂತೆ ಕೆಳಗೆ ಹಿಡಿದರು.

ಪತಂಗ ಬೆರಳ ತುದಿಗೆ ನಡೆಯಿತು. ನಡುಗಿತು. ಹಾರಿತು.

ನೇರ ಮೇಲಕ್ಕೆ, ಎದುರು ಮನೆಯ ಬಟ್ಟೆಗಳ ಹಗ್ಗ ದಾಟಿ, ಬಾವುಟ ದಾಟಿ, ಬಿಸಿಲು ಬಿದ್ದ ಗೋಡೆಯ ಕಡೆಗೆ. ಹಮೀದ್ ಭಾಯಿ ಚಪ್ಪಾಳೆ ಹೊಡೆದು "ಯಲ್ಲಾ, ಯಲ್ಲಾ!" ಎಂದು ಕೂಗಿದರು. ನಾಗರಾಜ ಬ್ರಷ್ಷು ಎತ್ತಿ ಬೀಳ್ಕೊಟ್ಟರು. ಕಣ್ಣಿಗೆ ಕಾಣದಾದ ಮೇಲೂ ಅತ್ತೆಯ ಬೊಗಸೆ ಹಾಗೇ ಇತ್ತು.

ಆಮೇಲೆ ಫೋನು ಬೇಕೆಂದರು. ಶೆಡ್ಡಿನಲ್ಲಿ ಮೂವತ್ತು ವರ್ಷ ಪಕ್ಕದ ಒಲೆಯ ಮುಂದೆ ಕೂತಿದ್ದ ಗೆಳತಿ ಜಯಮ್ಮನ ನಂಬರ್ ಅವರಿಗೆ ಬಾಯಿಪಾಠ. ನಾನು ಒತ್ತಿ, ರಸ್ತೆಯ ಗದ್ದಲದಲ್ಲಿ ಕೇಳಲೆಂದು ಸ್ಪೀಕರ್ ಹಾಕಿದೆ.

"ಏ ಜಯಾ, ನಾನು ಕಣೆ, ಚಿಕ್ಕತಾಯಿ. ಹೊರಗೆ ಬಂತು ಕಣೆ! ಗೂಡು ಒಡ್ಕಂಡು ಬಂತು, ನನ್ನ ಕಣ್ಮುಂದೇನೇ. ಇಲ್ಲ ಕಣೆ, ರೇಷ್ಮೆದಲ್ಲ, ಯಾವ್ದೋ ಚಳಿ ದೇಸದ್ದು, ಇಷ್ಟೇ ಇಷ್ಟು ಐತೆ. ಪೂರ್ತಿ ಬರೋಗಂಟ ಕೂತು ನೋಡ್ದೆ ಕಣೆ."

ರಾಮನಗರದಿಂದ ಜಯಮ್ಮನ ಸಣ್ಣ ದನಿ ಬಂತು.

"ಹಾರ್ತೇನೆ?"

ಅತ್ತೆ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ಹಾರ್ತು ಕಣೆ ಜಯಾ. ಹಾರ್ತು."